ಎಕ್ಕ ಹುಟ್ಟಲಿ!

ಮನೆ ಮುಂದೆ ಎಕ್ಕದ ಗಿಡ ಇರಬಾರದಂತೆ. ಬೆಳಗಿನ ವಾಕಿಂಗಿಗೆ ಹೊರಡುವ ಹಿರಿಯರೊಬ್ಬರು ಉಸಿರು ಸುಧಾರಿಸಿಕೊಳ್ಳುವ ನೆಪದಲ್ಲಿ ನಮ್ಮ ಗೇಟಿನೆದುರು ನಿಂತು ಇದನ್ನು ಹೇಳದೆ ಮುಂದೆ ಹೋಗುವುದಿಲ್ಲ. "ಪಾಳು ಜಾಗದಲ್ಲಿ ಬೆಳೆಯೋ ಗಿಡ ಸ್ವಾಮಿ ಅದು. ಮನೆ ಹಾಳಾಗಲಿ ಅಂತ ಬೈಯೋವಾಗ ಎಕ್ಕ ಹುಟ್ಟಲಿ ಅಂತಾರೆ. ನೀವು ನೋಡಿದ್ರೆ ನೀರು ಹಾಕಿ ಸಾಕ್ತಿದ್ದೀರಿ!" ನೀರನ್ನೇನೂ ನಾನು ಹಾಕುವುದಿಲ್ಲ, ಅದು ಕೇಳುವುದೂ ಇಲ್ಲ. ರಥಸಪ್ತಮಿಯ ಹಿಂದಿನ ಸಂಜೆ ಮಾತ್ರ ಇದೇ ಹಿರಿಯರು ಬಹಳ ಮೃದುವಾಗಿ ಬೆಲ್ ಒತ್ತುತ್ತಾರೆ. ತಲೆ, ಭುಜದ ಮೇಲಿಟ್ಟುಕೊಂಡು ಸ್ನಾನ ಮಾಡಲು ಏಳೇ ಏಳು ಎಲೆ. ಆಮೇಲೆ ಮನೆಯವರಿಗೆ ಏಳು, ಮಗನಿಗೆ ಏಳು, ಸೊಸೆಗೆ ಏಳು. ಗಿಡದ ಒಂದು ಮಗ್ಗುಲು ಬೋಳು.

ನನಗೆ ಬೇಕಿದ್ದದ್ದು ಚಿಟ್ಟೆ. ನರ್ಸರಿಯಲ್ಲಿ ಕೇಳಿದರೆ 'ಬಟರ್‌ಫ್ಲೈ ಪ್ಲಾಂಟ್' ಎಂದು ಲಂಟಾನ ತಂದಿಟ್ಟರು. ಅಮೆರಿಕ ಖಂಡದಿಂದ ಬಂದು ಬಂಡೀಪುರದ ಕಾಡಿನ ನೆಲವನ್ನೇ ನುಂಗುತ್ತಿರುವ ಗಿಡವನ್ನು ನಾನು ದುಡ್ಡು ಕೊಟ್ಟು ತರಬೇಕಂತೆ. ಎಕ್ಕ ಇದೆಯೇ ಅಂದರೆ ನಕ್ಕರು. ಕಾಂಪೌಂಡಿನ ಬುಡದಲ್ಲಿ ಅದು ತಾನಾಗಿಯೇ ಹುಟ್ಟಿತು. ನಾನು ಕೀಳಲಿಲ್ಲ, ಅಷ್ಟೇ ನನ್ನ ಕೃಷಿ. ಈಗ ಆಳೆತ್ತರ ದಾಟಿದೆ.

ಪ್ಲೇನ್ ಟೈಗರ್ ಚಿಟ್ಟೆ ಬಂತು, ಮೊಟ್ಟೆ ಇಟ್ಟಿತು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುವಿಗೆ ಊಟದ ಶಿಸ್ತು ಎಷ್ಟೆಂದರೆ, ಮೊದಲು ಎಲೆಯ ನರ ಕಡಿದು ಹಾಲು ಸೋರಿಹೋಗಲು ಬಿಡುತ್ತದೆ, ಆಮೇಲೆ ಮೇಯುತ್ತದೆ. ಗಿಡದ ವಿಷವನ್ನು ಮೈಯೊಳಗೇ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳೂ ಅದರ ತಂಟೆಗೆ ಬರುವುದು ಕಡಿಮೆ. ಇಷ್ಟಕ್ಕೇ ನಿಂತಿದ್ದರೆ ಮನೆಯಲ್ಲಿ ಶಾಂತಿ ಇರುತ್ತಿತ್ತು.

ಬಂದದ್ದು ದುಂಬಿ, ಜೇನುನೊಣದ ದೊಡ್ಡ ಮೈಯ ನೆಂಟ. ಮಿರಿಮಿರಿ ಕಪ್ಪು ಮೈ, ನೀಲಿ ಹೊಳೆಯುವ ರೆಕ್ಕೆ, ಹೆಲಿಕಾಪ್ಟರಿನ ಸದ್ದು. ಎಕ್ಕದ ಹೂವಿನಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ. ಪುಟ್ಟ ಜೋಡಿ ಗಂಟಾಗಿ ನಡುವಿನ ಕಿರೀಟದ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಜೇನು ಹೀರಲು ಕೂತ ದುಂಬಿಯ ಕಾಲು ಆ ಸಂದಿಗೆ ಜಾರಿ, ಎಳೆದುಕೊಂಡಾಗ ಗಂಟೂ ಜೊತೆಗೆ ಬರುತ್ತದೆ. ದೊಡ್ಡ ಮೈಯವರಿಗೇ ಹೇಳಿ ಮಾಡಿಸಿದ ಕೆಲಸ. ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ, ಹೊಗಳುತ್ತಿದ್ದೆ. ಒಂದು ಬೆಳಿಗ್ಗೆ ಅದೇ ಕುರ್ಚಿಯ ಮೇಲೆ ಹಿಟ್ಟಿನಂಥ ಮರದ ಪುಡಿ.

ಜಗಲಿಯ ತೊಲೆಯಲ್ಲಿ ಕಿರುಬೆರಳು ತೂರುವಷ್ಟು ತೂತು. ದುಂಬಿ ಮರ ತಿನ್ನುವುದಿಲ್ಲ, ಕೊರೆಯುತ್ತದೆ. ಒಳಗೆ ಓಣಿ ಮಾಡಿ, ಪರಾಗದ ಉಂಡೆ ಇಟ್ಟು, ಅದರ ಮೇಲೊಂದು ಮೊಟ್ಟೆ ಇಟ್ಟು, ಮರದ ಪುಡಿಯದೇ ಗೋಡೆ ಕಟ್ಟಿ ಮುಂದಿನ ಕೋಣೆಗೆ ಹೋಗುತ್ತದೆ. ಇದನ್ನೆಲ್ಲ ವಿವರಿಸಿದೆ. ಮನೆಯಾಕೆ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ನನ್ನ ಅಣ್ಣನಂತೂ, ಜೇನು ಉಳಿಸಿ, ಭೂಮಿ ಉಳಿಸಿ ಎಂದು ದಿನಾ ವಾಟ್ಸಾಪಿನಲ್ಲಿ ಕಳಿಸುವವನು, ಪೆಸ್ಟ್ ಕಂಟ್ರೋಲಿನವರ ನಂಬರ್ ಕಳಿಸಿದ. ಉಳಿಸಬೇಕಾದ ಜೇನು ಯಾವಾಗಲೂ ಬೇರೆಯವರ ತೊಲೆಯಲ್ಲೇ ಇರಬೇಕು ಈ ಜನಕ್ಕೆ.

ಕೊನೆಗೆ ಬಡಗಿಯನ್ನು ಕರೆಸಿದೆವು. ಆತ ಸ್ಟೂಲ್ ಹತ್ತಿ ತೂತಿಗೆ ಕಡ್ಡಿ ಹಾಕಿ ನೋಡಿ, ಟಾರ್ಚ್ ಬಿಟ್ಟು ನೋಡಿ, ಇಳಿದು ಬಂದು ಕನ್ನಡಕ ಒರೆಸಿಕೊಂಡು ಮತ್ತೆ ಹತ್ತಿದ. "ಸಾರ್, ನನ್ನ ಡ್ರಿಲ್ ಮಷೀನಲ್ಲೂ ಇಷ್ಟು ರೌಂಡ್ ಬರಲ್ಲ." ಹುಡುಗನನ್ನು ಕರೆದು ತೋರಿಸಿದ, ಅವನಿಗೆ ಬೈದೂ ಬೈದ: ಒಂದು ಹುಳ ಕಲಿತಿದೆ, ನೀನು ಕಲಿತಿಲ್ಲ. ಕಾಫಿ ಕುಡಿದರು. ಒಳಗೆ ಯಾರೂ ಇಲ್ಲದ ಹಳೆಯ ತೂತುಗಳಿಗೆ ಮರದ ಪುಡಿಗೆ ಫೆವಿಕಾಲ್ ಕಲಸಿ ಮೆತ್ತಿದರು. ದುಂಬಿ ಅದರ ಪಕ್ಕದಲ್ಲೇ ಹೊಸದು ಶುರುಮಾಡಿತು. ತೊಲೆ ಬಿಟ್ಟು ಅಲ್ಲಿ ಗೂಡು ಮಾಡಲಿ ಎಂದು ನಾನು ಗಿಡದ ಹತ್ತಿರ ಬಿದಿರಿನ ತುಂಡುಗಳನ್ನು ಕಟ್ಟಿದೆ. ದುಂಬಿಗಳು ಅತ್ತ ತಿರುಗಿಯೂ ನೋಡಲಿಲ್ಲ.

ಬಡಗಿ ಮತ್ತೆ ಬಂದ. "ಗಿಡ ಇರೋವರೆಗೂ ಇದು ತಪ್ಪಲ್ಲ ಸಾರ್. ಹ್ಞೂಂ ಅನ್ನಿ, ಬುಡ ಸಮೇತ ಕಿತ್ತುಬಿಡ್ತೀನಿ."

"ಗಿಡ ಇರಲಿ. ಬೇಕಾದರೆ ತೊಲೆ ಬದಲಾಯಿಸೋಣ," ಅಂದೆ.

"ಯಾರ ದುಡ್ಡಲ್ಲಿ?" ಅಡುಗೆಮನೆಯಿಂದ ಪ್ರಶ್ನೆ ಬಂತು. ಬಡಗಿ ಆಗಲೇ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ.