ಬಾಟಲಿ ಹಾಕದವರು ಎಂಥ ಡಾಕ್ಟರು?

ನಮ್ಮ ಕಡೆ ವೈದ್ಯರ ಯೋಗ್ಯತೆ ಅಳೆಯುವ ಮಾನದಂಡ ಒಂದೇ: ಬಾಟಲಿ. ಭೇದಿಯಾದರೆ ಬಾಟಲಿ, ಜ್ವರ ಬಂದರೆ ಬಾಟಲಿ, ಮಗಳ ಮದುವೆ ಮುಗಿಸಿ ಸುಸ್ತಾದರೂ ಬಾಟಲಿ. ತಲೆಯ ಮೇಲೆ ಗ್ಲೂಕೋಸ್ ತೂಗಾಡುತ್ತಿರಬೇಕು, ನೋಡಲು ಬಂದ ನೆಂಟರು ‘ಇದು ಎಷ್ಟನೆಯದು?’ ಎಂದು ಕೇಳಬೇಕು. ‘ಮೂರನೆಯದು’ ಎನ್ನುವಾಗ ರೋಗಿಯ ಮುಖದಲ್ಲಿ ಅದೆಂಥ ಕಳೆ!

ಅರ್ಧ ಲೀಟರಿನ ಶೇಕಡಾ 5ರ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಮಿಕ್ಕದ್ದು ನೀರು. ರಾಮನವಮಿಯ ದಿನ ಒಂದು ದೊಡ್ಡ ಲೋಟ ಪಾನಕ ಕುಡಿದವರಿಗೆ ಇಷ್ಟು ಸಿಹಿ ಪುಕ್ಕಟೆಯಾಗಿ ಸಿಕ್ಕಿರುತ್ತದೆ. ಆದರೆ ಪಾನಕ ಬಾಯಿಂದ ಹೋಗುತ್ತದೆ, ಬಾಟಲಿ ನರದಿಂದ. ಬಾಯಿಂದ ಹೋದದ್ದಕ್ಕೆ ಬೆಲೆ ಎಲ್ಲಿದೆ?

ನಮ್ಮ ಬೀದಿಗೆ ಬಂದ ಹೊಸ ವೈದ್ಯರಿಗೆ ಇದು ತಿಳಿದಿರಲಿಲ್ಲ. ಭೇದಿಯಾದ ಮಗುವಿಗೆ ಓಆರ್‌ಎಸ್ ಪೊಟ್ಟಣ, ಹದಿನಾಲ್ಕು ದಿನಕ್ಕೆ ಜಿಂಕ್ ಮಾತ್ರೆ ಕೊಟ್ಟು, ಆಂಟಿಬಯೋಟಿಕ್ ಬೇಡ ಎಂದು ಕಳಿಸಿಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಮಗುವಿನ ಅಜ್ಜಿ ಬೀದಿಯ ತುದಿಯವರೆಗೆ ಕೇಳಿಸುವಂತೆ ತೀರ್ಪು ಕೊಟ್ಟರು: ‘ಉಪ್ಪು ಸಕ್ಕರೆ ನೀರು ಕುಡಿಸಿ ಎನ್ನಲು ಐದೂವರೆ ವರ್ಷ ಓದಬೇಕಿತ್ತೇ?’

ಆ ಉಪ್ಪು ಸಕ್ಕರೆ ನೀರಿನ ಕಥೆಯೇ ಒಂದು ತಮಾಷೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 1978ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ ಇದನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಸಾಧನೆಯೇ ಇರಬಹುದು ಎಂದು ಹೊಗಳಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮರುವರ್ಷ. ಬನಗಾಂವ್‌ನಿಂದ ದೆಹಲಿಗೆ ಹೋಗಲೇ ಐವತ್ತೆರಡು ವರ್ಷ ಹಿಡಿದಿರುವಾಗ, ನಮ್ಮ ಬೀದಿಗೆ ಇನ್ನೂ ತಲುಪಿಲ್ಲವೆಂದು ದೂರುವುದು ಅವಸರವಾದೀತು.

(ಕುಡಿಯಲಾರದಷ್ಟು ನಿತ್ರಾಣವಾದವರಿಗೆ ನರದ ದ್ರವ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗ ಏರಿಸಬೇಕಾದದ್ದು ರಿಂಗರ್ ಲ್ಯಾಕ್ಟೇಟ್‌ನಂಥ ಲವಣದ ದ್ರವ, ಬರೀ ಗ್ಲೂಕೋಸ್ ಅಲ್ಲ. ಅಜ್ಜಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ.)

ವೈದ್ಯರಿಗೆ ತಿಳಿಸುವ ವ್ಯವಸ್ಥೆಯೇ ಇಲ್ಲ ಎನ್ನುವಂತಿಲ್ಲ. ಸಂಶೋಧನೆಗಳನ್ನು ಸೋಸಿ ಸಾರ ಕೊಡುವ ಕಾಕ್ರನ್ ಲೈಬ್ರರಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2007ರಲ್ಲೇ ಹಣ ಕಟ್ಟಿ ಇಡೀ ದೇಶಕ್ಕೆ ಉಚಿತವಾಗಿ ತೆರೆಸಿತು. ಐದು ವರ್ಷಕ್ಕೆ ಮೂವತ್ತು ಗಂಟೆ ಮರುಶಿಕ್ಷಣ ಪಡೆಯಬೇಕೆಂಬ ನಿಯಮವೂ ಇದೆ. ಹೋಟೆಲಿನ ತಣ್ಣನೆಯ ಸಭಾಂಗಣದಲ್ಲಿ ‘ಪುರಾವೆ ಆಧಾರಿತ ಚಿಕಿತ್ಸೆ’ ಎಂಬ ಉಪನ್ಯಾಸ ನಡೆಯುತ್ತದೆ. ಅಲ್ಲಿ ನಿಸ್ಸಂಶಯವಾಗಿ ಸಾಬೀತಾಗುವುದು ಮಧ್ಯಾಹ್ನದ ಊಟ. ಮಿಕ್ಕ ದಿನಗಳಲ್ಲಿ ಪುರಾವೆ ಔಷಧ ಕಂಪನಿಯ ಪ್ರತಿನಿಧಿಯ ರೂಪದಲ್ಲಿ ಟೈ ಕಟ್ಟಿಕೊಂಡು, ಚರ್ಮದ ಚೀಲ ಹಿಡಿದು ತಾನೇ ಕ್ಲಿನಿಕ್ಕಿಗೆ ಬರುತ್ತದೆ. ನುಣುಪು ಕಾಗದದ ಮೇಲೆ ಏರುತ್ತಲೇ ಹೋಗುವ ಗೆರೆ, ಕೆಳಗೆ ಕಣ್ಣಿಗೆ ಕಾಣದ ಅಕ್ಷರ, ಜೊತೆಗೆ ಸ್ಯಾಂಪಲ್. ಉಪ್ಪು ನೀರಿನ ಪರವಾಗಿ ಟೈ ಕಟ್ಟುವವರು ಯಾರು?

ನಮ್ಮ ಹೊಸ ವೈದ್ಯರು ಮೂರು ತಿಂಗಳು ನೊಣ ಹೊಡೆದರು. ನಾಲ್ಕನೆಯ ತಿಂಗಳು ಬಾಟಲಿ ತೂಗಿಸುವ ಎರಡು ಸ್ಟ್ಯಾಂಡ್ ಬಂದವು. ಮೊನ್ನೆ ಹೋಗಿ ನೋಡಿದರೆ ಅದೇ ಮಗು ಮಂಚದ ಮೇಲೆ, ಬಾಟಲಿ ನಿಧಾನವಾಗಿ ತೊಟ್ಟಿಕ್ಕುತ್ತಿದೆ. ಪಕ್ಕದಲ್ಲಿ ನರ್ಸ್ ‘ಬಾಟಲಿ ಚೆನ್ನಾಗಿ ಹಿಡಿಯಲಿ’ ಎನ್ನುತ್ತ ಚಮಚದಲ್ಲಿ ಓಆರ್‌ಎಸ್ ಕುಡಿಸುತ್ತಿದ್ದಾರೆ. ಸಂಜೆಗೆ ಮಗು ಎದ್ದು ಓಡಾಡಿತು.

‘ಈ ಡಾಕ್ಟರ ಕೈಗುಣ ಈಗ ಎಷ್ಟೋ ಸುಧಾರಿಸಿದೆ’ ಎಂದರು ಅಜ್ಜಿ.