ಉದುರಿದ ಚೆಸ್ಟ್‌ನಟ್ಟೆಲ್ಲ ತಿನ್ನುವಂಥದ್ದಲ್ಲ

‘ಚೆಸ್ಟ್‌ನಟ್ ಯಾವುದಾದರೇನು, ಸುಟ್ಟರೆ ವಿಷ ಹೋಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ತಿನ್ನುವ ಸಿಹಿ ಚೆಸ್ಟ್‌ನಟ್ ಓಕ್ ಕುಟುಂಬದ್ದು. ನೋಡಲು ಅದರಂತೆಯೇ ಇರುವ, ಆದರೆ ವಿಷಕಾರಿಯಾದ ಹಾರ್ಸ್ ಚೆಸ್ಟ್‌ನಟ್ ಅದರ ಹತ್ತಿರದ ನೆಂಟನೂ ಅಲ್ಲ. ಅದು ನಮ್ಮ ಅಂಟುವಾಳದ ಕುಟುಂಬಕ್ಕೆ ಸೇರಿದ್ದು. ಅದರಲ್ಲಿರುವ ಎಸ್ಕುಲಿನ್, ಸಪೋನಿನ್ ಎಂಬ ವಿಷವಸ್ತುಗಳು ಸುಟ್ಟ ಮಾತ್ರಕ್ಕೆ ಹೋಗುವುದಿಲ್ಲ. ತಿಂದರೆ ವಾಂತಿ, ಹೊಟ್ಟೆನೋವು ಬರಬಹುದು.

ಗುರುತು ಹಿಡಿಯಲು ಎಲೆಯೇ ಸಾಕು. ಸಿಹಿ ಜಾತಿಯದು ಉದ್ದನೆಯ, ಗರಗಸದಂಚಿನ ಒಂಟಿ ಎಲೆ. ಇನ್ನೊಂದರಲ್ಲಿ 5ರಿಂದ 7 ಕಿರುಎಲೆಗಳು ಅಂಗೈಯ ಬೆರಳುಗಳಂತೆ ಹರಡಿರುತ್ತವೆ. ಎಲೆ ಸಿಗದಿದ್ದರೆ ಕಾಯಿ ನೋಡಿ: ಸಿಹಿಯದಕ್ಕೆ ಕೈಯಿಡಲಾಗದಷ್ಟು ದಟ್ಟ ಮುಳ್ಳು, ಬೀಜಕ್ಕೆ ಚೂಪು ತುದಿ. ಹಾರ್ಸ್ ಚೆಸ್ಟ್‌ನಟ್‌ನ ಮುಳ್ಳು ವಿರಳ, ಬೀಜ ದುಂಡಗೆ, ತುದಿಯಿಲ್ಲ.

ನೆಡುವವರಿಗೆ ಒಂದು ಮಾತು: ಸಿಹಿ ಚೆಸ್ಟ್‌ನಟ್‌ನ ಒಂಟಿ ಮರ ಸಾಮಾನ್ಯವಾಗಿ ಚೆನ್ನಾಗಿ ಕಾಯಿ ಕಟ್ಟದು, ಬೇರೆ ತಳಿಯ ಮರವೂ ಜೊತೆಗೆ ಬೇಕು. ಇನ್ನು ಸುಡುವ ಮುನ್ನ ಸಿಪ್ಪೆಗೆ ಚಾಕುವಿನಿಂದ ಗೀರು ಹಾಕಿ, ಇಲ್ಲದಿದ್ದರೆ ಸಿಡಿಯಬಹುದು.