ಗೋಡೆ ತುಂಬಾ ಸಹಾಯವಾಣಿ, ಫೋನ್ ಎತ್ತೋರು ಮಾತ್ರ ಯಾರೂ ಇಲ್ಲ

ಇವತ್ತು ಬರೆಯದೇ ಇದ್ದರೆ ನನಗೆ ನಿದ್ದೆ ಬರಲ್ಲ. ನಮ್ಮ ವಿಶ್ವವಿದ್ಯಾಲಯದ ಗೋಡೆ ಗೋಡೆಗೂ ಒಂದು ನಂಬರ್ ಅಂಟಿಸಿದ್ದಾರೆ. ‘ತುರ್ತು ಸಹಾಯವಾಣಿ, 24 ಗಂಟೆ’ ಅಂತ. ಹೋದ ವಾರ ನನ್ನ ರೂಮ್‌ಮೇಟ್ ಲೈಬ್ರರಿಯಿಂದ ಹಾಸ್ಟೆಲ್‌ಗೆ ಬರುವಾಗ ಒಬ್ಬ ಹಿಂದೆ ಬಿದ್ದ. ಅವಳು ನಿಂತರೆ ಅವನೂ ನಿಲ್ಲುತ್ತಿದ್ದ. ಅವಳು ಆ ನಂಬರ್‌ಗೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ಕಟ್ಟಾಯಿತು. ಮತ್ತೆ ಮಾಡಿದಳು, ಮತ್ತೆ ಕಟ್ಟು. ಕೊನೆಗೆ ನನಗೆ ಮಾಡಿದಳು. ಪಕ್ಕದ ರೂಮಿನವರನ್ನೂ ಎಬ್ಬಿಸಿಕೊಂಡು ಬರಿಗಾಲಲ್ಲೇ ಓಡಿದೆವು. ನಮ್ಮ ಸದ್ದು ಕೇಳಿ ಅವನು ಓಡಿಹೋದ. ಅವಳ ಕೈ ಹಿಡಿದರೆ ಗಡಗಡ ನಡುಗುತ್ತಿತ್ತು.

ಮರುದಿನ ದೂರು ಕೊಡಲು ಹೋದರೆ ಮೊದಲ ಪ್ರಶ್ನೆ ಏನು ಗೊತ್ತಾ? ‘ಅಷ್ಟು ಹೊತ್ತಲ್ಲಿ ಹೊರಗೆ ಏನು ಕೆಲಸ?’ ಓದುವ ಕೆಲಸ ಸ್ವಾಮಿ! ಲೈಬ್ರರಿಯನ್ನು ರಾತ್ರಿ ಹನ್ನೊಂದರವರೆಗೆ ತೆರೆದಿಡುವವರು ನೀವೇ ಅಲ್ವಾ? ಎರಡೇ ದಿನಕ್ಕೆ ನೋಟಿಸ್ ಬೋರ್ಡಿನಲ್ಲಿ ಹೊಸ ಆದೇಶ ಬಂತು: ಹುಡುಗಿಯರು ಒಂಬತ್ತರೊಳಗೆ ಹಾಸ್ಟೆಲ್ ಸೇರಬೇಕು. ಹಿಂದೆ ಬಿದ್ದವನನ್ನು ಹುಡುಕುವ ಮಾತೇ ಇಲ್ಲ. ಓದಲು ಹೋದವಳನ್ನು ಕೂಡಿಹಾಕಿದರೆ ಮುಗಿಯಿತು.

ಆ ದಾರಿಯ ದೀಪಗಳು ಕೆಟ್ಟು ಎಷ್ಟು ಕಾಲವಾಯಿತೋ. ವಾರ್ಡನ್ ಕೇಳಿದರೆ ಎಲೆಕ್ಟ್ರಿಕಲ್ ವಿಭಾಗ ಅನ್ನುತ್ತಾರೆ. ಅವರು ಎಸ್ಟೇಟ್ ಆಫೀಸ್ ಅನ್ನುತ್ತಾರೆ. ಅಲ್ಲಿ ಫೈಲ್ ಮೇಲಿದೆ ಅನ್ನುತ್ತಾರೆ. ಆದರೆ ಘಟಿಕೋತ್ಸವಕ್ಕೆ ಅತಿಥಿಗಳು ಬರುತ್ತಾರೆ ಅಂದರೆ ಒಂದೇ ದಿನದಲ್ಲಿ ಇಡೀ ರಸ್ತೆ ಝಗಮಗ.

ಇಂಥ ಸಣ್ಣಪುಟ್ಟ ಅಸಡ್ಡೆಯಿಂದಲೇ ಜೀವ ಹೋಗುತ್ತದೆ. 1986ರಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ಹುಡುಗಿಯನ್ನು ಅವಳ ಹಾಸ್ಟೆಲ್ ಕೋಣೆಯಲ್ಲೇ ಅತ್ಯಾಚಾರ ಮಾಡಿ ಕೊಂದರು. ತಾನಾಗಿಯೇ ಲಾಕ್ ಆಗಬೇಕಿದ್ದ ಬಾಗಿಲುಗಳಿಗೆ ಏನೋ ಅಡ್ಡ ಇಟ್ಟು ತೆರೆದಿಟ್ಟಿದ್ದರು. ಕೊಂದವನು ಅಲ್ಲಿಂದಲೇ ಒಳಗೆ ಬಂದ. ಅವಳ ಅಪ್ಪ ಅಮ್ಮ ಸುಮ್ಮನೆ ಕೂರಲಿಲ್ಲ. ಅವರ ಹೋರಾಟದಿಂದ 1990ರಲ್ಲಿ ಕಾನೂನು ಬಂತು. ಕ್ಯಾಂಪಸ್‌ನಲ್ಲಿ ಆದ ಅಪರಾಧಗಳ ಲೆಕ್ಕವನ್ನು ಅಲ್ಲಿನ ಕಾಲೇಜುಗಳು ಪ್ರತಿ ವರ್ಷ ಬಹಿರಂಗ ಮಾಡಲೇಬೇಕು. ಅಪಾಯ ಇದ್ದರೆ ಆಗಲೇ ಎಚ್ಚರಿಸಬೇಕು. ನಮ್ಮಲ್ಲಿ? ‘ಹೊರಗೆ ಹೇಳಬೇಡಿ, ಸಂಸ್ಥೆಯ ಹೆಸರು ಹಾಳಾಗುತ್ತದೆ.’ ಇದನ್ನು ನನ್ನ ಮುಖಕ್ಕೇ ಹೇಳಿದರು.

ಆ ರಾತ್ರಿಯಿಂದ ನನ್ನ ರೂಮ್‌ಮೇಟ್ ಸರಿಯಾಗಿ ಮಲಗಿಲ್ಲ. ಕೌನ್ಸೆಲರ್ ಹತ್ತಿರ ಹೋಗೋಣ ಅಂತ ಕರೆದುಕೊಂಡು ಹೋದೆ. ಅವರು ಸಿಗುವುದು ಬೆಳಗ್ಗೆ ಹತ್ತರಿಂದ ನಾಲ್ಕು. ಅಂದರೆ ಸರಿಯಾಗಿ ಕ್ಲಾಸ್ ಹೊತ್ತಿಗೆ. ಕ್ಲಾಸ್ ತಪ್ಪಿಸಿದರೆ ಹಾಜರಾತಿ ಕಡಿಮೆ. ಹಾಜರಾತಿ ಬೇಕಾದರೆ ವಿಭಾಗದ ಮುಖ್ಯಸ್ಥರ ಸಹಿ, ಜೊತೆಗೆ ಕಾರಣ ಬರೆದುಕೊಡಬೇಕು. ಆ ಕೋಣೆ ಇರುವುದಾದರೂ ಎಲ್ಲಿ? ಫೀಸ್ ಕಟ್ಟುವ ಕೌಂಟರ್ ಎದುರು! ಸಾಲಲ್ಲಿ ನಿಂತವರೆಲ್ಲ ಬೆಂಚಿನ ಮೇಲೆ ಕೂತವರ ಮುಖ ನೋಡುತ್ತಿರುತ್ತಾರೆ. ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ‘ಬೇಡ, ಹೋಗೋಣ’ ಅಂದಳು. ನನಗೆ ಅಳು ಬಂತು.

ಕೌನ್ಸೆಲರ್ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಇಡೀ ವಿಶ್ವವಿದ್ಯಾಲಯಕ್ಕೆ ಅವರೊಬ್ಬರೇ. ಅಮೆರಿಕದಲ್ಲಿ ಇಂಥ ಕೇಂದ್ರಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 1,000ದಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬರಾದರೂ ಇರಲಿ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕದಲ್ಲಿ 15ರಿಂದ 29 ವರ್ಷದವರ ಸಾವಿಗೆ ಮೂರನೇ ದೊಡ್ಡ ಕಾರಣ ಆತ್ಮಹತ್ಯೆ. ಇದು ಹೆಚ್ಚು ಕಮ್ಮಿ ನಮ್ಮದೇ ವಯಸ್ಸು. ಮನಸ್ಸು ಕೆಟ್ಟವರಿಗೆ ‘ಎರಡು ವಾರ ಬಿಟ್ಟು ಬನ್ನಿ’ ಅನ್ನುವುದು ಯಾವ ನ್ಯಾಯ?

ನಾವೇನು ಆಕಾಶ ಕೇಳುತ್ತಿದ್ದೇವಾ? ರಾತ್ರಿ ಫೋನ್ ಎತ್ತುವ ಒಬ್ಬರು ಬೇಕು. ದಾರಿಯಲ್ಲಿ ಬೆಳಕು ಬೇಕು. ಸಂಜೆಯೂ ಸಿಗುವ ಕೌನ್ಸೆಲರ್ ಬೇಕು, ನಾಲ್ಕು ಜನರ ಕಣ್ಣಿಗೆ ಬೀಳದ ಕೋಣೆ ಬೇಕು. ನಾವು ಕೊಟ್ಟ ದೂರಿಗೆ ಇನ್ನೂ ಒಂದು ಸ್ವೀಕೃತಿ ಪತ್ರ ಕೂಡ ಕೊಟ್ಟಿಲ್ಲ. ಸೋಮವಾರ ಮತ್ತೆ ಕುಲಸಚಿವರ ಕಚೇರಿಗೆ ಹೋಗುತ್ತಿದ್ದೇವೆ. ಈ ಸಲ ಇಬ್ಬರೇ ಅಲ್ಲ, ಇಡೀ ಹಾಸ್ಟೆಲ್. ಸ್ವೀಕೃತಿ ಕೈಗೆ ಸಿಗುವವರೆಗೆ ಅಲ್ಲಿಂದ ಏಳುವುದಿಲ್ಲ.